ಸರ್ವಧರ್ಮ ಸಭೆಯ ಪಟ್ಟಿ 143 ಜನರ ಕೈಸೇರಿತು, ಈಗೇನು ಮಾಡಲಿ?

ಪ್ರಶ್ನೆ: ನಾನು ಒಂದು ಖಾಸಗಿ ಕಚೇರಿಯ ಆಡಳಿತ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಅದರ ಜೊತೆಗೆ ಒಂದು ಸರ್ವಧರ್ಮ ಸಭೆಯ ಸಮಿತಿಗೆ ಕಾರ್ಯದರ್ಶಿ. ಸಭೆಗೆ ಹನ್ನೆರಡು ದಿನವಷ್ಟೇ ಉಳಿದಿದೆ. ಗುರುವಾರ ಊಟದ ಬಿಡುವಿನಲ್ಲಿ ಕಚೇರಿಯ ಇಮೇಲ್‌ನಿಂದಲೇ ಆಹ್ವಾನ ಕಳಿಸಿದೆ. ಎಲ್ಲರ ವಿಳಾಸವನ್ನೂ, ಒಬ್ಬರದು ಇನ್ನೊಬ್ಬರಿಗೆ ಕಾಣದ ಬಿಸಿಸಿಯಲ್ಲಿ ಹಾಕುವ ಬದಲು ಎಲ್ಲರಿಗೂ ಕಾಣುವ ಸಿಸಿಯಲ್ಲಿ ಹಾಕಿಬಿಟ್ಟಿದ್ದೇನೆ. ಅದಕ್ಕಿಂತ ಹೆಚ್ಚಿನ ಅನಾಹುತವೆಂದರೆ, ಕಾರ್ಯಕ್ರಮಪಟ್ಟಿ ಎಂದುಕೊಂಡು ಲಗತ್ತಿಸಿದ್ದು ನೋಂದಣಿಯ ಎಕ್ಸೆಲ್ ಶೀಟ್. ಅದರಲ್ಲಿ ಹೆಸರು, ಮೊಬೈಲ್ ನಂಬರು, ಧರ್ಮ, ವಿಶೇಷ ಸೂಚನೆ ಎಂಬ ಕಾಲಮ್‌ಗಳಿವೆ. ಒಬ್ಬರ ಮುಂದೆ ‘ಮನೆಯವರಿಗೆ ತಿಳಿದಿಲ್ಲ, ಮನೆ ನಂಬರಿಗೆ ಫೋನ್ ಬೇಡ’ ಎಂದು ನಾನೇ ಬರೆದಿಟ್ಟಿದ್ದೆ. ಗೊತ್ತಾದ ಕೂಡಲೇ ಕಳಿಸಿದ ಮೇಲ್ ಹಿಂಪಡೆಯುವ ‘ರಿಕಾಲ್’ ಅನ್ನು ಮೂರು ಸಲ ಒತ್ತಿದೆ, ಸೆಂಟ್ ಫೋಲ್ಡರಿನಿಂದ ಮೇಲ್ ಅಳಿಸಿದೆ, ಪಾಸ್‌ವರ್ಡ್ ಬದಲಿಸಿದೆ. ಸಮಿತಿಯ ಹಿರಿಯರೊಬ್ಬರು ‘ಸುಮ್ಮನಿದ್ದುಬಿಡಮ್ಮ, ಯಾರೂ ತೆರೆದು ನೋಡಿರುವುದಿಲ್ಲ, ಕೆದಕಿದರೆ ದೊಡ್ಡದಾಗುತ್ತದೆ’ ಎನ್ನುತ್ತಿದ್ದಾರೆ. ಕಚೇರಿಗೆ ತಿಳಿಸಿದರೆ ಕೆಲಸ ಹೋಗುತ್ತದೆಂಬ ಭಯ. ಸಭೆಯನ್ನೇ ರದ್ದು ಮಾಡಬೇಕೇ? ನಾನು ಸಮಿತಿ ಬಿಡಬೇಕೇ?

ಉತ್ತರ: ತುರ್ತಾಗಿ ಮಾಡಬೇಕಾದ್ದನ್ನು ನಿಮ್ಮ ಪತ್ರ ಬಂದ ದಿನವೇ ನಿಮಗೆ ನೇರವಾಗಿ ಬರೆದು ಕಳಿಸಿದ್ದೇನೆ. ಇಲ್ಲಿ ಅದನ್ನೇ ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣ, ಇದು ನಿಮ್ಮೊಬ್ಬರ ಕಥೆಯಲ್ಲ. ಮಾಹಿತಿ ಸುರಕ್ಷತೆಯ ಕೆಲಸದಲ್ಲಿರುವ ನನ್ನ ಬಳಿಗೆ ಬರುವ ಪ್ರಕರಣಗಳಲ್ಲಿ ಹ್ಯಾಕರ್‌ಗಳು ಮಾಡಿದ್ದಕ್ಕಿಂತ ಊಟದ ಹೊತ್ತಿನ ಅವಸರ ಮಾಡಿದ್ದೇ ಹೆಚ್ಚು.

ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹೋದ ಮೇಲ್ ವಾಪಸು ಬರುತ್ತದೆಯೇ, ಇದರಿಂದ ಯಾರಿಗೆ ಏನು ತೊಂದರೆ, ನಿಮ್ಮ ಕೆಲಸದ ಗತಿಯೇನು. ನೀವು ಹೆಚ್ಚು ಹೊತ್ತು ಕಳೆದಿರುವುದು ಮೊದಲನೆಯದರ ಮೇಲೆ, ನಿದ್ದೆಗೆಟ್ಟಿರುವುದು ಮೂರನೆಯದರಿಂದ. ಆದರೆ ಮೊದಲು ಹಿಡಿದುಕೊಳ್ಳಬೇಕಾದದ್ದು ನಡುವಿನದು.

ಹಾಗಿದ್ದರೂ ಮೊದಲನೆಯದನ್ನು ಬೇಗ ಮುಗಿಸಿಬಿಡೋಣ. ಮೇಲ್ ವಾಪಸು ಬರುವುದಿಲ್ಲ. ಇಮೇಲ್ ಎಂಬುದು ಒಂದು ಜಾಗದಲ್ಲಿ ಇಟ್ಟ ಕಾಗದವಲ್ಲ. ನೀವು ‘ಕಳಿಸು’ ಒತ್ತಿದ ಕೆಲವೇ ಕ್ಷಣಗಳಲ್ಲಿ ನಿಮ್ಮ ಸರ್ವರು ಪ್ರತಿಯೊಬ್ಬರ ಸೇವಾದಾರರ ಸರ್ವರಿಗೂ ಬೇರೆ ಬೇರೆ ಪ್ರತಿ ಒಪ್ಪಿಸಿರುತ್ತದೆ. ಒಪ್ಪಿಸಿದ ಮೇಲೆ ಅದು ಅವರ ಸೊತ್ತು. ರಿಕಾಲ್ ಕೆಲಸ ಮಾಡುವುದು ಒಂದೇ ಸಂಸ್ಥೆಯ ಮೇಲ್ ವ್ಯವಸ್ಥೆಯ ಒಳಗೆ ಮಾತ್ರ. ಹೊರಗಿನವರಿಗೆ ಹೆಚ್ಚೆಂದರೆ ತಲುಪುವುದು ‘ಇಂಥವರು ತಮ್ಮ ಸಂದೇಶ ಹಿಂಪಡೆಯಲು ಬಯಸುತ್ತಾರೆ’ ಎಂಬ ಇನ್ನೊಂದು ಮೇಲ್. ನೀವು ಮೂರು ಸಲ ಒತ್ತಿದ್ದೀರಿ, ಅಂದರೆ ಹೊರಗಿನವರಿಗೆ ಇಂಥ ಮೂರು ಮೇಲ್ ಹೋಗಿರಬಹುದು. ಮೊದಲನೆಯದನ್ನು ತೆರೆಯದೆ ಬಿಟ್ಟವರೂ ಈಗ ‘ಅದೇನಪ್ಪಾ ಅಂಥದ್ದು’ ಎಂದು ಹುಡುಕಿ ನೋಡುತ್ತಾರೆ! ಬೈಯುತ್ತಿಲ್ಲ, ಗಾಬರಿಯಲ್ಲಿ ಎಲ್ಲರೂ ಇದನ್ನೇ ಮಾಡುತ್ತಾರೆ. ಜಿಮೇಲ್‌ನ ‘ಅನ್‌ಡು’ ಕೂಡ ಹೋದದ್ದನ್ನು ಎಳೆದು ತರುವುದಿಲ್ಲ. ಅದು ಹೆಚ್ಚೆಂದರೆ 30 ಸೆಕೆಂಡು ಮೇಲನ್ನು ಕಳಿಸದೆ ತಡೆದಿಟ್ಟುಕೊಂಡಿರುತ್ತದೆ, ಅಷ್ಟೆ.

ಸೆಂಟ್ ಫೋಲ್ಡರಿನಿಂದ ಅಳಿಸಿದ್ದು ನಿಮ್ಮ ಹತ್ತಿರವಿದ್ದ ಪ್ರತಿಯನ್ನು. ಅದನ್ನು ಡಿಲೀಟೆಡ್ ಫೋಲ್ಡರಿನಿಂದ ಇವತ್ತೇ ವಾಪಸು ತನ್ನಿ. ಯಾರಿಗೆ ಹೋಯಿತು, ಎಷ್ಟು ಗಂಟೆಗೆ, ಯಾವ ಫೈಲ್ ಎಂಬುದಕ್ಕೆ ನಿಮ್ಮ ಕೈಯಲ್ಲಿರುವ ದಾಖಲೆ ಅದೊಂದೇ. ನಾಳೆ ಯಾರಾದರೂ ಕೇಳಿದಾಗ ‘ಅಳಿಸಿದ್ದೇನೆ’ ಎಂದರೆ ಮುಚ್ಚಿಹಾಕಿದಂತೆ ಕಾಣುತ್ತದೆ. ಪಾಸ್‌ವರ್ಡ್ ಬದಲಿಸಿದ್ದರಿಂದ ನಷ್ಟವೂ ಇಲ್ಲ, ಲಾಭವೂ ಇಲ್ಲ. ಕಳ್ಳ ಬಂದಿಲ್ಲ, ನೀವೇ ಕೈಯಾರೆ ಕೊಟ್ಟಿದ್ದೀರಿ. ನಿಮ್ಮ ಕಚೇರಿಯ ಮೇಲ್‌ಗಳ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಇದು ನಿಮಗೆ ಉದ್ದೇಶಿಸಿದ್ದಲ್ಲವಾದರೆ ಅಳಿಸಿಬಿಡಿ’ ಎಂದು ಇದ್ದರೆ ಅದನ್ನೂ ನೆಚ್ಚಿಕೊಳ್ಳಬೇಡಿ. ಆ 143 ಜನರಿಗೆ ಉದ್ದೇಶಿಸಿಯೇ ನೀವು ಕಳಿಸಿದ್ದು.

ಇನ್ನು ನಡುವಿನ ಚಿಂತೆ. ‘ಇಮೇಲ್ ವಿಳಾಸ ತಾನೇ, ಅದೇನು ಗುಟ್ಟೇ?’ ಎಂದು ಸಮಿತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ವಿಳಾಸ ಗುಟ್ಟಲ್ಲ, ನಿಜ. ಗುಟ್ಟು ಇರುವುದು ಆ ವಿಳಾಸ ಯಾವ ಪಟ್ಟಿಯಲ್ಲಿದೆ ಎಂಬುದರಲ್ಲಿ. 2015ರಲ್ಲಿ ಲಂಡನ್ನಿನ 56 ಡೀನ್ ಸ್ಟ್ರೀಟ್ ಎಂಬ ಕ್ಲಿನಿಕ್ ಎಚ್‌ಐವಿ ಸೇವೆಗೆ ಸಂಬಂಧಿಸಿದ ಸುದ್ದಿಪತ್ರವನ್ನು 781 ಜನರಿಗೆ ಕಳಿಸುವಾಗ ನೀವು ಮಾಡಿದ ತಪ್ಪನ್ನೇ ಮಾಡಿತು. ಬಿಸಿಸಿಯಲ್ಲಿ ಇರಬೇಕಾದ ವಿಳಾಸಗಳೆಲ್ಲ ಎಲ್ಲರಿಗೂ ಕಂಡವು, ಬಹಳಷ್ಟು ವಿಳಾಸಗಳಲ್ಲಿ ಪೂರ್ತಿ ಹೆಸರೇ ಇತ್ತು. ಆ ಪಟ್ಟಿಯಲ್ಲಿದ್ದವರೆಲ್ಲ ಸೋಂಕಿತರೇನಲ್ಲ. ಆದರೆ ಪಟ್ಟಿ ನೋಡಿದವರು ಹಾಗೆಂದುಕೊಳ್ಳಲು ಅಷ್ಟೇ ಸಾಕಿತ್ತು. ಕ್ಲಿನಿಕ್ ನಡೆಸುತ್ತಿದ್ದ ಟ್ರಸ್ಟಿಗೆ ಮರುವರ್ಷ 1,80,000 ಪೌಂಡ್ ದಂಡ ಬಿತ್ತು. 2021ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆ ತಾಲಿಬಾನ್ ಹಿಡಿತಕ್ಕೆ ಹೋಗಿದ್ದ ಅಫ್ಘಾನಿಸ್ತಾನದಿಂದ ಹೊರಬರಲು ಕಾದಿದ್ದವರಿಗೆ ಮೇಲ್ ಕಳಿಸಿತು. ಅಲ್ಲೂ ಬಿಸಿಸಿ ಬಳಸದ ಅದೇ ತಪ್ಪು. ಆ ತಿಂಗಳ ಇಂಥ ಮೇಲ್‌ಗಳಲ್ಲಿ ಒಟ್ಟು 265 ಜನರ ವಿಳಾಸ ಬಯಲಾಯಿತು. ದೇಶದ ರಕ್ಷಣಾ ಇಲಾಖೆಗೇ ಆದದ್ದು ಊಟದ ಬಿಡುವಿನ ಕಾರ್ಯದರ್ಶಿಗೆ ಆಗಬಾರದೆಂದು ಎಲ್ಲಿದೆ?

ಧರ್ಮದ ಮಾಹಿತಿಗೆ ಇನ್ನೂ ಒಂದು ತೂಕವಿದೆ. ನೆದರ್ಲೆಂಡ್ಸ್‌ನಲ್ಲಿ ಎರಡನೇ ಮಹಾಯುದ್ಧಕ್ಕೆ ಮೊದಲೇ ಜನರ ಧರ್ಮವನ್ನು ನಾಗರಿಕ ದಾಖಲೆಯಲ್ಲಿ ಬರೆದಿಡುತ್ತಿದ್ದರು. ಅದರ ಹಿಂದೆ ದುರುದ್ದೇಶವೇನೂ ಇರಲಿಲ್ಲ, ಆಡಳಿತದ ಅನುಕೂಲಕ್ಕೆಂದು ಮಾಡಿದ್ದು. ನಾಝಿಗಳು ಬಂದಾಗ ಯಹೂದಿಗಳು ಯಾರು, ಎಲ್ಲಿದ್ದಾರೆ ಎಂದು ಹುಡುಕುವ ಶ್ರಮ ಅವರಿಗೆ ಬಹಳ ಕಡಿಮೆಯಾಯಿತು. 1943ರ ಮಾರ್ಚ್ 27ರಂದು ಪ್ರತಿರೋಧದ ಗುಂಪೊಂದು ಆಮ್‌ಸ್ಟರ್‌ಡ್ಯಾಮಿನ ನೋಂದಣಿ ಕಚೇರಿಗೆ ಬೆಂಕಿಯಿಟ್ಟು ಆ ಕಾರ್ಡುಗಳನ್ನು ಸುಡಲು ಹೊರಟಿತು. ಸುಟ್ಟದ್ದು ಸ್ವಲ್ಪ ಭಾಗ ಮಾತ್ರ. ನಿಮ್ಮ ಎಕ್ಸೆಲ್ ಶೀಟಿಗೆ ಈ ಹೋಲಿಕೆ ದೊಡ್ಡದಾಯಿತು, ಒಪ್ಪಿದೆ. ಆದರೆ ಯುರೋಪಿನ ದತ್ತಾಂಶ ಕಾನೂನಿನ 9ನೇ ವಿಧಿ ಧಾರ್ಮಿಕ ನಂಬಿಕೆಯನ್ನು ಆರೋಗ್ಯದ ಮಾಹಿತಿಯ ಪಕ್ಕದಲ್ಲೇ ಕೂರಿಸಿರುವುದರ ಹಿಂದೆ ಇಂಥ ನೆನಪುಗಳಿವೆ.

ಹಾಗಾದರೆ ನಿಮ್ಮ ಪಟ್ಟಿಯ 143 ಜನರೂ ಅಪಾಯದಲ್ಲಿದ್ದಾರೆಯೇ? ಇಲ್ಲ. ಹೆಚ್ಚಿನವರು ತಮ್ಮ ಧರ್ಮವನ್ನು ಬಚ್ಚಿಟ್ಟವರಲ್ಲ, ಸಭೆಗೆ ಬರುವುದನ್ನೂ ನೆರೆಯವರಿಗೆ ಹೇಳಿಕೊಂಡೇ ಬರುವವರು. ಅವರಿಗೆ ಇದು ಮುಜುಗರ, ಜಾಹೀರಾತಿನ ಮೇಲ್ ಒಂದಷ್ಟು ಹೆಚ್ಚು, ಹೆಚ್ಚೆಂದರೆ ಸಿಟ್ಟು. ನಿಜವಾದ ತೊಂದರೆ ಇರುವುದು ಕೈಬೆರಳೆಣಿಕೆಯ ಜನಕ್ಕೆ, ಅವರನ್ನು ಗುರುತಿಸಲು ನಿಮ್ಮ ‘ವಿಶೇಷ ಸೂಚನೆ’ ಕಾಲಮ್ಮೇ ದಾರಿ. ಶೀಟ್ ತೆರೆದು ಆ ಕಾಲಮ್ಮಿನಲ್ಲಿ ಏನಾದರೂ ಬರೆದಿರುವ ಸಾಲುಗಳನ್ನಷ್ಟೇ ಒಂದು ಕಾಗದದ ಮೇಲೆ ಇಳಿಸಿಕೊಳ್ಳಿ. ಧರ್ಮ ಬದಲಿಸಿದವರು, ಮನೆಯಲ್ಲಿ ಹೇಳದೆ ಬರುವವರು, ಬೇರೆ ಧರ್ಮದವರನ್ನು ಮದುವೆಯಾಗಿ ತವರಿನ ಸಂಪರ್ಕ ಕಡಿದುಕೊಂಡವರು, ಹಿಂದೆ ಯಾರಿಂದಲೋ ಬೆದರಿಕೆ ಬಂದಿದ್ದವರು. ಆಮೇಲೆ ಇನ್ನೊಂದು ನೋಡಿ, ಇವರ ಮನೆಯವರೋ ನೆಂಟರೋ ಆ 143ರಲ್ಲಿ ಇದ್ದಾರೆಯೇ? ಇದಕ್ಕೆ ಅರ್ಧ ಗಂಟೆ ಸಾಕು.

ಅವರಿಗೆ ಫೋನ್ ಮಾಡಿ. ಮೇಲ್ ಬೇಡ, ವಾಟ್ಸಾಪ್ ಬೇಡ. ಮೊಬೈಲಿಗೇ ಮಾಡಿ, ‘ಈಗ ಮಾತಾಡಲು ಆಗುತ್ತದೆಯೇ?’ ಎಂದು ಮೊದಲು ಕೇಳಿ. ಬೇರೆಯವರು ಎತ್ತಿದರೆ ಸಭೆಯ ಹೆಸರು ಹೇಳದೆ ಇಟ್ಟುಬಿಡಿ, ವಾಯ್ಸ್ ಮೆಸೇಜ್ ಬಿಡಬೇಡಿ. ಮಾತಿಗೆ ಸಿಕ್ಕಿದರೆ ನೇರವಾಗಿ ಹೇಳಿ: ಏನು ಹೋಯಿತು, ಯಾವಾಗ, ಎಷ್ಟು ಜನಕ್ಕೆ, ಅವರ ಹೆಸರಿನ ಮುಂದೆ ಯಾವ ಮಾತು ಬರೆದಿತ್ತು. ಆ ಕೊನೆಯದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಆದರೆ ಅದನ್ನು ತಿಳಿಯದೆ ಅವರು ತಮ್ಮ ಮನೆಯಲ್ಲಿ ಏನು ಹೇಳಬೇಕೆಂದು ತೀರ್ಮಾನಿಸಲಾರರು. ಹಿಂದೊಮ್ಮೆ ಇಂಥದೇ ಪ್ರಕರಣದಲ್ಲಿ ಒಬ್ಬಾಕೆ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, ‘ಸರಿ, ಹಾಗಾದರೆ ಇವತ್ತು ರಾತ್ರಿ ನಾನೇ ಅಪ್ಪನಿಗೆ ಹೇಳಿಬಿಡುತ್ತೇನೆ, ಬೇರೆಯವರಿಂದ ಗೊತ್ತಾಗುವುದು ಬೇಡ’ ಎಂದರು. ಕರೆ ಎರಡು ದಿನ ತಡವಾಗಿದ್ದರೆ ಆ ಅವಕಾಶ ಅವರಿಗೆ ಇರುತ್ತಿರಲಿಲ್ಲ.

ಇದರ ನಂತರ ಉಳಿದವರಿಗೆ. ಇಲ್ಲಿ ನಿಮ್ಮ ಮುಂದೆ ಎರಡು ದಾರಿ ಇವೆ, ಎರಡರಲ್ಲೂ ಅಪಾಯವಿದೆ. ಹಿರಿಯರು ಹೇಳಿದಂತೆ ಸುಮ್ಮನಿರುವುದು ಒಂದು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ‘ಫೈಲ್ ತೆರೆಯಬೇಡಿ’ ಎಂದು ಬರೆದರೆ ತೆರೆಯದವರೂ ತೆರೆಯುತ್ತಾರೆ. ಆದರೆ ನಿಮ್ಮ ಮೂರು ರಿಕಾಲ್‌ಗಳು ಆಗಲೇ ಡಂಗುರ ಸಾರಿವೆ, ಆ ದಾರಿ ಮುಚ್ಚಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಬೇರೆ ಬೇರೆ ಧರ್ಮದವರು ಒಬ್ಬರನ್ನೊಬ್ಬರು ನಂಬಲೆಂದು ಕರೆದ ಸಭೆಯಲ್ಲಿ ಇದು ಮೂರನೆಯವರ ಬಾಯಿಂದ ಹೊರಬಂದರೆ, ‘ನಮ್ಮವರ ಪಟ್ಟಿ ಬೇಕೆಂದೇ ಹಂಚಿದರು’ ಎಂಬ ಮಾತು ಹುಟ್ಟಲು ಒಂದು ಸಂಜೆ ಸಾಕು. ಅಜಾಗರೂಕತೆಯನ್ನು ಕ್ಷಮಿಸುವವರು ಕೂಡ ಮುಚ್ಚಿಟ್ಟದ್ದನ್ನು ಕ್ಷಮಿಸುವುದಿಲ್ಲ.

ಎರಡನೆಯದು ಎಲ್ಲರಿಗೂ ತಿಳಿಸುವುದು. ಇಲ್ಲಿಯ ಅಪಾಯ ತಿಳಿಸುವ ರೀತಿಯಲ್ಲಿದೆ. ಹಳೆಯ ಮೇಲ್‌ಗೇ ‘ರಿಪ್ಲೈ ಆಲ್’ ಕೊಟ್ಟು ಕ್ಷಮೆ ಕೇಳಿದರೆ ವಿಳಾಸಪಟ್ಟಿಯನ್ನು ಇನ್ನೊಮ್ಮೆ ಹಂಚಿದಂತೆ. ಕ್ಷಮೆ ಕೇಳಲೆಂದು ವಾಟ್ಸಾಪ್ ಗುಂಪು ಕಟ್ಟುವವರನ್ನೂ ನೋಡಿದ್ದೇನೆ. ಗುಂಪಿಗೆ ಸೇರಿಸಿದ ಕ್ಷಣ ಎಲ್ಲರ ಮೊಬೈಲ್ ನಂಬರು ಎಲ್ಲರಿಗೂ ಕಾಣುತ್ತದೆ, ಸೋರಿದ್ದು ಎರಡನೇ ಸಲ ಸೋರಿತು. ಮೇಲ್ ಮರ್ಜ್ ಎಂಬ ಸೌಲಭ್ಯ ಬಳಸಿ ಒಬ್ಬೊಬ್ಬರಿಗೂ ಪ್ರತ್ಯೇಕ ಮೇಲ್ ಹೋಗುವಂತೆ ಮಾಡಿ. ಬರದಿದ್ದರೆ ಸಮಿತಿಯ ಇಬ್ಬರು ಕೂತು ಒಂದೊಂದಾಗಿ ಕಳಿಸಿ, 143 ಅಂಥ ದೊಡ್ಡ ಸಂಖ್ಯೆಯಲ್ಲ. ಒಕ್ಕಣೆ ಹೀಗಿದ್ದರೆ ಸಾಕು:

‘ಗುರುವಾರ ಮಧ್ಯಾಹ್ನ ನಾನು ಕಳಿಸಿದ ಆಹ್ವಾನದಲ್ಲಿ ಎಲ್ಲರ ಇಮೇಲ್ ವಿಳಾಸ ಎಲ್ಲರಿಗೂ ಕಂಡಿದೆ. ಜೊತೆಗೆ ಹೆಸರು, ಮೊಬೈಲ್, ಧರ್ಮ ಮತ್ತು ಕೆಲವರ ಬಗ್ಗೆ ಟಿಪ್ಪಣಿ ಇದ್ದ ಫೈಲ್ ತಪ್ಪಾಗಿ ಹೋಗಿದೆ. ಇದು ನನ್ನ ತಪ್ಪು. ಆ ಮೇಲನ್ನೂ ಇಳಿಸಿಕೊಂಡ ಫೈಲನ್ನೂ ಅಳಿಸಿ, ಅಳಿಸಿದೆ ಎಂದು ಒಂದು ಸಾಲು ಬರೆಯಿರಿ. ಬೇರೆಯವರಿಗೆ ಕಳಿಸಿದ್ದರೆ ಅದನ್ನೂ ತಿಳಿಸಿ. ನಿಮಗೆ ಇದರಿಂದ ತೊಂದರೆ ಇದ್ದರೆ ಈ ನಂಬರಿಗೆ ಯಾವಾಗ ಬೇಕಾದರೂ ಕರೆ ಮಾಡಿ.’

‘ಅನಾನುಕೂಲತೆಗೆ ವಿಷಾದಿಸುತ್ತೇವೆ’ ಎಂಬ ರೈಲ್ವೆ ನಿಲ್ದಾಣದ ಭಾಷೆ ಬೇಡ. ಏನು ಸೋರಿತು ಎಂಬುದನ್ನು ಮೃದು ಮಾಡಲೂ ಹೋಗಬೇಡಿ. ‘ಕೆಲವು ವಿವರಗಳು’ ಎಂದು ಬರೆದರೆ ಎಲ್ಲರೂ ಅದಕ್ಕಿಂತ ಕೆಟ್ಟದ್ದನ್ನೇ ಊಹಿಸುತ್ತಾರೆ. ಅಳಿಸಿದೆ ಎಂದು ಉತ್ತರಿಸಿದವರ ಲೆಕ್ಕ ಇಟ್ಟುಕೊಳ್ಳಿ. ಉತ್ತರಿಸದವರಿಗೆ ಒಂದು ಸಲ ನೆನಪಿಸಿ, ಅದಕ್ಕಿಂತ ಹೆಚ್ಚು ಬೆನ್ನು ಹತ್ತಬೇಡಿ. ಅಳಿಸಿದೆ ಎಂದವರೆಲ್ಲ ಅಳಿಸಿದ್ದಾರೆಂಬ ಖಾತರಿ ಇಲ್ಲ. ಹೆಚ್ಚಿನವರು ಮಾತಿಗೆ ಬೆಲೆ ಕೊಡುತ್ತಾರೆಂಬುದು ನನ್ನ ಅನುಭವ.

ಈಗ ಕಚೇರಿ. ಹೇಳಲೇಬೇಕು, ಇವತ್ತೇ. ಕಾರಣ ನೈತಿಕತೆಯಲ್ಲ, ಮೇಲ್ ಹೋಗಿರುವುದು ಅವರ ಖಾತೆಯಿಂದ. ಮೇಲ್ ತಲುಪಿದವರಲ್ಲಿ ಯಾರಾದರೂ ದೂರು ಕೊಟ್ಟರೆ ಅದು ಹೋಗುವುದು ನಿಮ್ಮ ಕಂಪನಿಯ ಹೆಸರಿಗೆ. ಯುರೋಪಿನ ಕಾನೂನಿನಲ್ಲಿ ಇಂಥ ಸೋರಿಕೆ ಗಮನಕ್ಕೆ ಬಂದ 72 ಗಂಟೆಯೊಳಗೆ ದತ್ತಾಂಶ ರಕ್ಷಣೆಯ ಮೇಲ್ವಿಚಾರಣಾ ಸಂಸ್ಥೆಗೆ ತಿಳಿಸಬೇಕೆಂಬ ನಿಯಮವಿದೆ. ಬೇರೆ ದೇಶಗಳಲ್ಲಿ ಗಡುವು, ವಿಧಾನ ಬೇರೆ. ಆ ಹೊಣೆ ಸಂಸ್ಥೆಯದು, ನೌಕರರದ್ದಲ್ಲ. ಆದರೆ ಸಂಸ್ಥೆಗೆ ಗೊತ್ತೇ ಆಗದಂತೆ ನೀವು ಆ ಗಂಟೆಗಳನ್ನು ಕಳೆದರೆ ಆ ತಪ್ಪು ನಿಮ್ಮದಾಗುತ್ತದೆ. ಪಟ್ಟಿ ಸಮಿತಿಯದು, ಖಾತೆ ಕಚೇರಿಯದು, ಆದ್ದರಿಂದ ಇಬ್ಬರಿಗೂ ತಿಳಿದಿರಬೇಕು. ಇದರಲ್ಲಿ ಒಂದು ಅನುಕೂಲವೂ ಇದೆ. 143ರಲ್ಲಿ ನಿಮ್ಮ ಸಹೋದ್ಯೋಗಿಗಳಿದ್ದರೆ, ಅವರ ಇನ್‌ಬಾಕ್ಸಿನಿಂದ ಆ ಮೇಲನ್ನು ತೆಗೆದುಹಾಕುವುದು ಐಟಿ ವಿಭಾಗಕ್ಕೆ ಸಾಧ್ಯ. ಒಂದು ಪುಟ ಬರೆದುಕೊಂಡು ಹೋಗಿ: ಏನಾಯಿತು, ಯಾವ ಹೊತ್ತಿಗೆ, ಈವರೆಗೆ ಏನೇನು ಮಾಡಿದ್ದೇನೆ. ಗುರುವಾರದ ಗಾಬರಿಯಲ್ಲಿ ಅಳಿಸಿದ್ದನ್ನೂ ಸೇರಿಸಿ.

ಕೆಲಸ ಹೋಗುತ್ತದೆಯೇ? ಹೋಗುವುದಿಲ್ಲವೆಂದು ಭರವಸೆ ಕೊಡಲಾರೆ. ಖಾಸಗಿ ಕೆಲಸಕ್ಕೆ ಕಚೇರಿ ಮೇಲ್ ಬಳಸಿದ್ದಕ್ಕೆ ಬೈಗುಳ, ಒಂದು ಎಚ್ಚರಿಕೆ ಪತ್ರ ಬರಬಹುದು. ನಾನು ಕಂಡಂತೆ ಕೆಲಸ ಕಳೆದುಕೊಂಡವರು ತಪ್ಪು ಮಾಡಿದವರಿಗಿಂತ ಹೆಚ್ಚಾಗಿ ಮೂರು ವಾರ ಬಚ್ಚಿಟ್ಟವರು. ಮುಂದಿನ ಸಲದಿಂದ ಸಮಿತಿಗೆ ಪ್ರತ್ಯೇಕ ಇಮೇಲ್ ಖಾತೆ ತೆರೆಯಿರಿ.

ಸಭೆ ರದ್ದು ಮಾಡಬೇಕಾಗಿಲ್ಲ. ಫೋನಿನಲ್ಲಿ ಮಾತಾಡಿದವರಲ್ಲಿ ಯಾರಿಗಾದರೂ ನೇರ ಬೆದರಿಕೆ ಇದ್ದರೆ ಮಾತ್ರ ಜಾಗವನ್ನೋ ಸಮಯವನ್ನೋ ಬದಲಿಸುವ ಬಗ್ಗೆ ಅವರ ಜೊತೆ ಕೂತು ಯೋಚಿಸಿ, ಪೊಲೀಸರಿಗೆ ತಿಳಿಸುವುದೂ ಅವರ ಒಪ್ಪಿಗೆಯ ಮೇಲೆ. ಬರುವುದಿಲ್ಲ ಎಂದವರನ್ನು ಒತ್ತಾಯಿಸಬೇಡಿ. ಫೋಟೊ, ವಿಡಿಯೊ ಈ ಸಲ ಬೇಡ.

ಸಮಿತಿ ಬಿಡುವ ಪ್ರಶ್ನೆಗೆ ಬರುವ ಮೊದಲು ಇದು ಆದದ್ದು ಹೇಗೆಂದು ನೋಡಬೇಕು. ನೀವು ತಪ್ಪೆಲ್ಲ ನಿಮ್ಮದೊಬ್ಬರದೇ ಎಂಬಂತೆ ಬರೆದಿದ್ದೀರಿ. ಸಿಸಿ ಎಂಬುದು ಟೈಪ್‌ರೈಟರ್ ಕಾಲದ ಕಾರ್ಬನ್ ಕಾಪಿಯ ಹೆಸರು. ಹಾಳೆಯ ಕೆಳಗೆ ಕಪ್ಪು ಕಾಗದವಿಟ್ಟು ತೆಗೆದ ಪ್ರತಿ ಯಾರಿಗೆ ಹೋಯಿತೆಂದು ಪತ್ರದಲ್ಲೇ ನಮೂದಿಸುವ ಪದ್ಧತಿ. ಬಿಸಿಸಿಯಲ್ಲಿ ಹೆಸರು ಲಕೋಟೆಯ ಮೇಲಷ್ಟೇ ಇರುತ್ತದೆ, ಒಳಗಿನ ಪತ್ರದಲ್ಲಿ ಇರುವುದಿಲ್ಲ. ಇಷ್ಟು ದೊಡ್ಡ ವ್ಯತ್ಯಾಸ ಪರದೆಯ ಮೇಲೆ ಒಂದೇ ಅಕ್ಷರದ ಅಂತರದಲ್ಲಿ, ಅಕ್ಕಪಕ್ಕದಲ್ಲಿ ಕೂತಿದೆ. ಬಾಗಿಲ ಚಿಲಕವನ್ನೂ ಗಂಟೆಯ ಗುಂಡಿಯನ್ನೂ ಒಂದೇ ಆಕಾರದಲ್ಲಿ ಮಾಡಿಟ್ಟ ಹಾಗೆ. ಅದಕ್ಕೇ ಸೂಕ್ಷ್ಮ ಪಟ್ಟಿಗಳಿಗೆ ಬಿಸಿಸಿಯನ್ನು ನಂಬಬೇಡಿ ಎನ್ನುವುದು, ಒಬ್ಬೊಬ್ಬರಿಗೂ ಬೇರೆ ಹೋಗಲಿ. ಆಹ್ವಾನವನ್ನು ಫೈಲ್ ಲಗತ್ತಿಸುವ ಬದಲು ಲಿಂಕ್ ಆಗಿ ಕಳಿಸಿದ್ದರೆ, ತಪ್ಪು ಫೈಲಾದರೂ ಮರುಕ್ಷಣ ಬಾಗಿಲು ಹಾಕಬಹುದಿತ್ತು. ಔಟ್‌ಲುಕ್‌ನಲ್ಲಿ ಕಳಿಸಿದ ಮೇಲ್ ಒಂದಷ್ಟು ನಿಮಿಷ ತಡವಾಗಿ ಹೊರಡುವಂತೆ ನಿಯಮ ಹಾಕಿಡಬಹುದು, ನಾನು ಎರಡು ನಿಮಿಷ ಹಾಕಿಕೊಂಡಿದ್ದೇನೆ. ತಿಂಗಳಿಗೊಮ್ಮೆಯಾದರೂ ಅದು ನನ್ನನ್ನು ಉಳಿಸುತ್ತದೆ.

ಇವೆಲ್ಲ ಸರಿ. ಆದರೆ ನನ್ನನ್ನು ಕೇಳಿದರೆ ತಪ್ಪು ನಡೆದದ್ದು ಗುರುವಾರವಲ್ಲ. ನೋಂದಣಿ ಫಾರಂ ತಯಾರಿಸುವಾಗ ಯಾರೋ ‘ಧರ್ಮ’ ಎಂಬ ಕಾಲಮ್ ಸೇರಿಸಿದ ದಿನ. ಅದು ಏಕೆ ಬೇಕಿತ್ತು? ಪ್ರಾರ್ಥನೆಗೆ ಕೋಣೆ ಎಷ್ಟು ಬೇಕು, ಯಾವ ಊಟ ಆಗುವುದಿಲ್ಲ, ಸೂರ್ಯಾಸ್ತಕ್ಕೆ ಮುಂಚೆ ಹೊರಡಬೇಕಾದವರು ಇದ್ದಾರೆಯೇ ಎಂದು ತಿಳಿಯಲು ಎನ್ನುತ್ತೀರಿ. ಹಾಗಿದ್ದರೆ ಅದನ್ನೇ ಕೇಳಿ. ‘ಪ್ರಾರ್ಥನೆಗೆ ಜಾಗ ಬೇಕೇ, ಎಷ್ಟು ಹೊತ್ತಿಗೆ?’ ಎಂಬ ಪ್ರಶ್ನೆಗೆ ಬರುವ ಉತ್ತರದಿಂದ ಕೋಣೆ ಸಿದ್ಧವಾಗುತ್ತದೆ, ಧರ್ಮದ ಹೆಸರು ಬರೆಸಿಕೊಳ್ಳಬೇಕಾಗಿಲ್ಲ. ‘ಮನೆ ನಂಬರಿಗೆ ಫೋನ್ ಬೇಡ’ ಎಂದಿದ್ದರೆ ಮನೆ ನಂಬರನ್ನೇ ಬರೆದುಕೊಳ್ಳಬೇಡಿ, ಆಗ ಟಿಪ್ಪಣಿಯ ಅಗತ್ಯವೇ ಬರುವುದಿಲ್ಲ. ಕಾಲಮ್ ಮರೆಮಾಡಿದರೆ ಸಾಕೆಂದೂ ಅಂದುಕೊಳ್ಳಬೇಡಿ. 2023ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಮಾಹಿತಿ ಕೋರಿಕೆಯೊಂದಕ್ಕೆ ಕೊಟ್ಟ ಎಕ್ಸೆಲ್ ಫೈಲಿನಲ್ಲಿ ಕಣ್ಣಿಗೆ ಬೀಳದೆ ಅಡಗಿದ್ದ ಇನ್ನೊಂದು ಶೀಟ್ ಇತ್ತು. 9,483 ಸಿಬ್ಬಂದಿಯ ವಿವರ ಅದರಿಂದ ಹೊರಬಿತ್ತು.

ಆದ್ದರಿಂದ ಸಮಿತಿ ಬಿಡಬೇಡಿ. ಈಗ ಆ ಫಾರಂ ಬದಲಿಸಬೇಕೆಂದು ಹಟ ಹಿಡಿದು ಕೂರಬಲ್ಲವರು ಅಲ್ಲಿ ನೀವೊಬ್ಬರೇ. ಸಭೆಯ ದಿನ ಬಾಗಿಲ ಬಳಿ ಮೇಜಿನ ಮೇಲೆ ಹಾಜರಿ ಪುಸ್ತಕ ಇಡುತ್ತೀರಲ್ಲ, ಹೆಸರು, ಫೋನ್, ಸಹಿ? ಸಾಲಿನಲ್ಲಿ ನಿಂತವರು ತಮಗಿಂತ ಮೊದಲು ಬಂದವರ ವಿವರವನ್ನೆಲ್ಲ ಓದಿಕೊಂಡೇ ಪೆನ್ನು ಹಿಡಿಯುತ್ತಾರೆ, ಕೆಲವರು ಮೊಬೈಲಿನಲ್ಲಿ ಫೋಟೊ ಕೂಡ ತೆಗೆದುಕೊಳ್ಳುತ್ತಾರೆ. ಈ ಸಲ ಪುಸ್ತಕ ಬೇಡ. ಬಿಡಿ ಚೀಟಿ ಕೊಡಿ, ಬರೆದು ಮಡಚಿ ಡಬ್ಬಿಗೆ ಹಾಕಲಿ.